ನೆಲಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಹೆಸರು? ಬಿದ್ದಾಗ, ಅಗೆಯುವಾಗ, ವರದಿ ಬರೆಯುವಾಗ ಬೇಕಾಗುವ ಪದಗಳು

ಕನ್ನಡದಲ್ಲಿ ‘ನೆಲ’ ಅಂದರೆ ಸಾಕು. ಅಡುಗೆಮನೆಯ ನೆಲ ಒರೆಸುತ್ತೇವೆ. ಮಳೆ ಬಂದರೆ ಹೊರಗೆ ನೆಲ ನೆನೆಯಿತು ಅನ್ನುತ್ತೇವೆ. ನಾಡಿನ ವಿಷಯ ಬಂದರೆ ನೆಲ, ಜಲ, ಭಾಷೆ ಅಂತ ಒಟ್ಟಿಗೇ ಹೇಳುತ್ತೇವೆ. ಮನೆಯೊಳಗಿನದು, ಬಯಲಿನದು, ನಾಡು, ಮೂರಕ್ಕೂ ಅದೇ ಪದ. ಇಂಗ್ಲಿಷಿನಲ್ಲಿ ಹಾಗಲ್ಲ. ಚಾವಣಿಯ ಕೆಳಗಿದ್ದರೆ ಒಂದು ಪದ, ಬಯಲಿಗೆ ಬಂದರೆ ಇನ್ನೊಂದು, ಆಸ್ತಿಯಾದರೆ ಮತ್ತೊಂದು, ಕೈಗೆ ಮಣ್ಣು ಹತ್ತಿದರೆ ಮಗದೊಂದು.

ಲೆಸ್ಟರ್ ಮತ್ತು ಸುತ್ತಮುತ್ತ ಗೋದಾಮು, ಕೇರ್ ಹೋಮ್, ಹೋಟೆಲ್ ಅಡುಗೆಮನೆ, ಕಟ್ಟಡ ಕೆಲಸ, ಡೆಲಿವರಿ ಮಾಡುವ ನಮ್ಮವರಿಗೆ ಇದು ಬರೀ ವ್ಯಾಕರಣದ ಮಾತಲ್ಲ. ಬ್ರಿಟನ್ನಿನಲ್ಲಿ ಮಾಲೀಕರು ವರದಿ ಮಾಡುವ ಕೆಲಸದ ಗಾಯಗಳಲ್ಲಿ ಹತ್ತಕ್ಕೆ ಸುಮಾರು ಮೂರು, ಎತ್ತರದಿಂದ ಬಿದ್ದು ಆದವಲ್ಲ. ನಡೆಯುವ ಜಾಗದಲ್ಲೇ ಜಾರಿ, ಎಡವಿ ಬಿದ್ದು ಆದವು. ಬಿದ್ದ ಮೇಲೆ ಎಲ್ಲಿ ಬಿದ್ದಿರಿ, ಹೇಗೆ ಬಿದ್ದಿರಿ ಅಂತ ನೀವು ಹೇಳುವ ಒಂದೊಂದು ಪದವೂ ಕಾಗದದಲ್ಲಿ ಉಳಿಯುತ್ತದೆ. ಆ ಪದದ ಮೇಲೆ ಹೊಣೆ ಯಾರದು ಅನ್ನುವುದು ನಿಲ್ಲಬಹುದು. ಆದ್ದರಿಂದ ಈ ಪದಗಳನ್ನು ಒಮ್ಮೆ ಸರಿಯಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲು ಐದು ಮೂಲ ಪದಗಳು

ಫ್ಲೋರ್: ಕಟ್ಟಡದ ಒಳಗಿನ ನೆಲ. ಮಹಡಿಗೂ ಇದೇ ಪದ. ‘ಗ್ರೌಂಡ್ ಫ್ಲೋರ್’ ಅಂದರೆ ನೆಲಮಹಡಿ. ಅದರ ಮೇಲಿನದು ‘ಫಸ್ಟ್ ಫ್ಲೋರ್’. ಎಣಿಕೆ ನಮ್ಮ ಊರಿನಂತೆಯೇ. ಕೇರ್ ಹೋಮಿನಲ್ಲಿ, ಫ್ಯಾಕ್ಟರಿಯಲ್ಲಿ ‘ಹೂ ಈಸ್ ಆನ್ ದ ಫ್ಲೋರ್?’ ಅಂತ ಕೇಳಿದರೆ ಯಾರು ನೆಲದ ಮೇಲೆ ಬಿದ್ದಿದ್ದಾರೆ ಅಂತ ಅಲ್ಲ, ಈಗ ಡ್ಯೂಟಿಯಲ್ಲಿ ಯಾರಿದ್ದಾರೆ ಅಂತಲೂ ಇರಬಹುದು.

ಗ್ರೌಂಡ್: ಬಯಲಿನ ನೆಲ. ಕಟ್ಟಡದ ಹೊರಗೆ ಕಾಲಿಡುವ ಜಾಗ. ನಮ್ಮಲ್ಲಿ ‘ಗ್ರೌಂಡ್’ ಅಂದರೆ ಆಟದ ಮೈದಾನ ಮಾತ್ರ. ಇಲ್ಲಿ ಅದಕ್ಕಿಂತ ವಿಶಾಲ. ಆದರೆ ಕಾಗದದಲ್ಲಿ ‘ಗ್ರೌಂಡ್ಸ್’ ಅಂತ ಬಹುವಚನದಲ್ಲಿ ಕಂಡರೆ ಹುಷಾರು. ‘ಆನ್ ದ ಗ್ರೌಂಡ್ಸ್ ಆಫ್ ಕಾಂಡಕ್ಟ್’ ಅಂದರೆ ನಡತೆಯ ಕಾರಣಕ್ಕೆ. ‘ಆನ್ ಮೆಡಿಕಲ್ ಗ್ರೌಂಡ್ಸ್’ ಅಂದರೆ ಆರೋಗ್ಯದ ಕಾರಣಕ್ಕೆ. ಅಲ್ಲಿ ನೆಲವೂ ಇಲ್ಲ, ಮೈದಾನವೂ ಇಲ್ಲ. ಕೆಲಸದಿಂದ ತೆಗೆಯುವ ಪತ್ರ, ಮನೆ ಖಾಲಿ ಮಾಡಿಸುವ ನೋಟಿಸ್, ವೀಸಾ ತಿರಸ್ಕಾರದ ಪತ್ರ, ಮೂರರಲ್ಲೂ ಈ ಪದ ಬರುತ್ತದೆ. ಅದರ ಮುಂದೆ ಬರೆದಿರುವುದೇ ನಿಮ್ಮ ಮೇಲಿನ ಆಕ್ಷೇಪ. ಅದನ್ನು ತಿಳಿದವರಿಂದ ಓದಿಸಿಕೊಳ್ಳಿ, ಗಡುವು ಏನಿದೆ ನೋಡಿಕೊಳ್ಳಿ.

ಲ್ಯಾಂಡ್: ಭೂಮಿ, ಆಸ್ತಿ, ನಾಡು. ‘ಲ್ಯಾಂಡ್‌ಲಾರ್ಡ್’ ಅಂದರೆ ಜಮೀನ್ದಾರ ಅಲ್ಲ, ನಿಮ್ಮ ಬಾಡಿಗೆ ಮನೆಯ ಮಾಲೀಕ.

ಸಾಯಿಲ್: ಮಣ್ಣು. ತೋಟದ್ದು, ಹೊಲದ್ದು, ಅಗೆದಾಗ ಸಿಗುವುದು.

ಅರ್ಥ್: ಇದು ಭೂಗೋಳವೂ ಹೌದು, ಮಣ್ಣೂ ಹೌದು. ಕೆಲಸದ ಜಾಗದಲ್ಲಿ ಹೆಚ್ಚಾಗಿ ಕೇಳುವುದು ಕರೆಂಟಿನ ಅರ್ಥಿಂಗ್ ಬಗ್ಗೆ. ಇಲ್ಲಿ ಅರ್ಥ್ ತಂತಿಗೆ ಹಸಿರು-ಹಳದಿ ಪಟ್ಟೆಯ ಬಣ್ಣ. ಕಂದು ಬಣ್ಣದ್ದು ಲೈವ್, ನೀಲಿ ನ್ಯೂಟ್ರಲ್. ನಮ್ಮ ಊರಿನ ಹಳೆಯ ಮನೆಗಳ ಕೆಂಪು-ಕಪ್ಪು ಲೆಕ್ಕ ಇಲ್ಲಿ ಹಿಡಿಯಬೇಡಿ.

ಶಾಲೆಯಲ್ಲಿ ಓದಿದ ‘ಭೂಮಿಯ ಮೇಲ್ಮೈ’ಗೆ ಇಂಗ್ಲಿಷಿನಲ್ಲಿ ‘ಅರ್ಥ್ಸ್ ಸರ್ಫೇಸ್’. ಆದರೆ ಕ್ಲೀನಿಂಗ್ ಕೆಲಸದಲ್ಲಿ ‘ವೈಪ್ ಆಲ್ ಸರ್ಫೇಸಸ್’ ಅಂದರೆ ನೆಲ ಒರೆಸಿ ಅಂತ ಅಲ್ಲ. ಮೇಜು, ಕಟ್ಟೆ, ಕಪಾಟಿನ ಮೇಲ್ಭಾಗ ಒರೆಸಿ ಅಂತ. ನೆಲ ಒರೆಸುವುದಕ್ಕೆ ‘ಮಾಪ್ ದ ಫ್ಲೋರ್’ ಅಂತಲೇ ಹೇಳುತ್ತಾರೆ.

ಎಲ್ಲಿ ಬಿದ್ದಿರಿ? ಪದ ಬದಲಾದರೆ ಹೊಣೆಯೂ ಬದಲು

‘ರೋಡಲ್ಲಿ ಬಿದ್ದೆ’ ಅಂತ ನಾವು ಸುಮ್ಮನೆ ಹೇಳಿಬಿಡುತ್ತೇವೆ. ಫ್ಯಾಕ್ಟರಿಯ ಗೇಟಿನ ಒಳಗೆ ಲಾರಿ ನಿಲ್ಲುವ ಜಾಗದಲ್ಲಿ ಬಿದ್ದರೂ ರೋಡು, ಗೇಟಿನ ಹೊರಗೆ ಬಿದ್ದರೂ ರೋಡು. ಇಂಗ್ಲಿಷಿನಲ್ಲಿ ಇವು ಬೇರೆ.

ಯಾರ್ಡ್: ಕೆಲಸದ ಆವರಣದೊಳಗಿನ ಬಯಲು. ಇಲ್ಲಿ ಬಿದ್ದರೆ ಕೆಲಸದ ಜಾಗದಲ್ಲೇ ಬಿದ್ದ ಹಾಗೆ. ಒಳಗೆ ಓಡಾಡುವ ದಾರಿಗಳಿಗೂ ಮಾಲೀಕರ ಹೊಣೆ ಇದೆ.

ಪೇವ್‌ಮೆಂಟ್: ನಾವು ಫುಟ್‌ಪಾತ್ ಅನ್ನುವುದು. ಸಾರ್ವಜನಿಕ ಪೇವ್‌ಮೆಂಟಿನಲ್ಲಿ ಎದ್ದ ಕಲ್ಲಿಗೆ ಎಡವಿದರೆ ಅದರ ನಿರ್ವಹಣೆ ಲೆಸ್ಟರ್ ನಗರದೊಳಗೆ ಸಾಮಾನ್ಯವಾಗಿ ಸಿಟಿ ಕೌನ್ಸಿಲ್‌ನದು. ಲಫ್‌ಬರೋ, ಹಿಂಕ್ಲಿ, ಲಟರ್‌ವರ್ತ್ ಕಡೆಯಾದರೆ ಲೆಸ್ಟರ್‌ಶೈರ್ ಕೌಂಟಿ ಕೌನ್ಸಿಲ್‌ನದು. ಸಾರ್ವಜನಿಕ ರಸ್ತೆಗಳನ್ನು ಸುಸ್ಥಿತಿಯಲ್ಲಿಡಬೇಕು ಎಂಬ ಕರ್ತವ್ಯ 1980ರ ಹೈವೇಸ್ ಕಾಯ್ದೆಯಲ್ಲಿದೆ.

ಕಾರ್ ಪಾರ್ಕ್: ಇದು ಉದ್ಯಾನವನ ಅಲ್ಲ, ವಾಹನ ನಿಲ್ಲಿಸುವ ಜಾಗ. ಅದು ಅಂಗಡಿಯದ್ದೋ, ಕೌನ್ಸಿಲ್‌ನದ್ದೋ, ನಿಮ್ಮ ಕಂಪನಿಯದ್ದೋ ಅನ್ನುವುದನ್ನು ನೋಡಿಕೊಳ್ಳಿ.

ಕರ್ಬ್: ಪೇವ್‌ಮೆಂಟಿಗೂ ರಸ್ತೆಗೂ ನಡುವಿನ ಕಲ್ಲಿನ ಅಂಚು. ವರ್ಜ್: ರಸ್ತೆ ಪಕ್ಕದ ಹುಲ್ಲಿನ ಪಟ್ಟಿ. ‘ಸಾಫ್ಟ್ ವರ್ಜ್’ ಅಂತ ಬೋರ್ಡಿದ್ದರೆ ಅಲ್ಲಿ ನೆಲ ಮೆತ್ತಗಿದೆ, ವ್ಯಾನಿನ ಚಕ್ರ ಹೂತುಕೊಳ್ಳುತ್ತದೆ ಅಂತ ಅರ್ಥ.

ಬಿದ್ದ ಜಾಗ ಗೊತ್ತುಮಾಡುವಾಗ ಗೇಟಿನ ಒಳಗೋ ಹೊರಗೋ, ಚಾವಣಿ ಇತ್ತೋ ಇಲ್ಲವೋ, ನಡೆಯುವ ಜಾಗವೋ ಗಾಡಿ ಓಡುವ ಜಾಗವೋ, ಈ ಮೂರನ್ನು ಹೇಳಿದರೆ ಇಂಗ್ಲಿಷ್ ಪದ ತಾನಾಗಿ ಸಿಗುತ್ತದೆ.

ಜಾರಿದಿರೋ, ಎಡವಿದಿರೋ, ಮೇಲಿಂದ ಬಿದ್ದಿರೋ?

‘ಐ ಫೆಲ್ ಡೌನ್’ ಅಂತ ಬರೆದರೆ ಬಿದ್ದಿರಿ ಅಂತ ಮಾತ್ರ ಗೊತ್ತಾಗುತ್ತದೆ, ಯಾಕೆ ಅಂತ ಗೊತ್ತಾಗುವುದಿಲ್ಲ. ಯಾಕೆ ಅಂತ ಬರೆಯದಿದ್ದರೆ ‘ತಾನೇ ನೋಡದೆ ಬಿದ್ದ’ ಅಂತ ಓದಿಕೊಳ್ಳುವವರೂ ಇರುತ್ತಾರೆ. ನಮ್ಮ ಭಾಷೆಯಲ್ಲಿ ಇದಕ್ಕೆ ಒಳ್ಳೆಯ ಪದಗಳೇ ಇವೆ. ಅವುಗಳಿಗೆ ಸರಿಯಾದ ಜೋಡಿ ಹಾಕಿದರೆ ಸಾಕು.

ಜಾರುವುದು, ‘ಸ್ಲಿಪ್’. ನೀರು, ಎಣ್ಣೆ, ಪಾಚಿ, ಐಸು ಇದ್ದು ಕಾಲು ಹಿಡಿತ ತಪ್ಪಿದರೆ. ‘ಐ ಸ್ಲಿಪ್ಡ್ ಆನ್ ಆಯಿಲ್ ಆನ್ ದ ಕಿಚನ್ ಫ್ಲೋರ್.’

ಎಡವುವುದು, ಮುಗ್ಗರಿಸುವುದು, ‘ಟ್ರಿಪ್’. ಕೇಬಲ್, ಪ್ಯಾಲೆಟ್, ಎದ್ದ ಹಾಸುಗಲ್ಲು ಕಾಲಿಗೆ ಸಿಕ್ಕಿದರೆ. ‘ಐ ಟ್ರಿಪ್ಡ್ ಓವರ್ ಎ ಬ್ರೋಕನ್ ಪ್ಯಾಲೆಟ್.’ ಇಲ್ಲಿ ಟ್ರಿಪ್ ಅಂದರೆ ಪ್ರವಾಸ ಅಲ್ಲ.

ಎತ್ತರದಿಂದ ಬೀಳುವುದು, ‘ಫಾಲ್ ಫ್ರಮ್ ಹೈಟ್’. ಏಣಿ, ಲಾರಿಯ ಹಿಂಭಾಗ, ಸಾರುವೆಯಿಂದ ಬಿದ್ದರೆ. ಎಷ್ಟು ಎತ್ತರ ಅಂತಲೂ ಹೇಳಿ.

ಗಾಯ ಹೇಳುವಾಗ ಇನ್ನೊಂದು ಗಮನಿಸಿ. ಕನ್ನಡದಲ್ಲಿ ತೊಡೆಯಿಂದ ಬೆರಳಿನ ತನಕ ಎಲ್ಲವೂ ‘ಕಾಲು’. ಇಂಗ್ಲಿಷಿನಲ್ಲಿ ಪಾದ ‘ಫುಟ್’, ಹರಡು ‘ಆಂಕಲ್’, ಅದರ ಮೇಲಿನದು ‘ಲೆಗ್’. ಕೈಗೂ ಹಾಗೆಯೇ, ಅಂಗೈ ಬೆರಳಿನ ಭಾಗ ‘ಹ್ಯಾಂಡ್’, ತೋಳು ‘ಆರ್ಮ್’. ಬಾಯಿಯಲ್ಲಿ ಹೇಳುವುದರ ಜೊತೆ ಮುಟ್ಟಿ ತೋರಿಸಿ.

ಕೇರ್ ಹೋಮಿನಲ್ಲಿ ‘ಬಿದ್ದಿದ್ದರು’

ಇದು ಕೇರ್ ಕೆಲಸದವರಿಗೆ ತುಂಬ ಮುಖ್ಯ. ಬೆಳಗಿನ ಜಾವ ಕೋಣೆಗೆ ಹೋಗುತ್ತೀರಿ, ಅಜ್ಜಿ ಮಂಚದ ಪಕ್ಕ ನೆಲದಲ್ಲಿದ್ದಾರೆ. ಕನ್ನಡದಲ್ಲಿ ‘ಅಜ್ಜಿ ನೆಲದ ಮೇಲೆ ಬಿದ್ದಿದ್ದರು’ ಅನ್ನುತ್ತೇವೆ. ಈ ಮಾತಿಗೆ ಎರಡು ಅರ್ಥ. ನಾನು ಹೋದಾಗ ಅವರು ನೆಲದಲ್ಲಿದ್ದರು ಅನ್ನುವುದು ಒಂದು. ಅವರು ಬಿದ್ದರು ಅನ್ನುವುದು ಇನ್ನೊಂದು. ಕನ್ನಡದಲ್ಲಿ ಎರಡೂ ಒಂದೇ ಮಾತಿನಲ್ಲಿ ಹೋಗುತ್ತದೆ. ಇದನ್ನೇ ಇಂಗ್ಲಿಷಿಗೆ ತಿರುಗಿಸಿ ‘ಶೀ ಫೆಲ್ ಆನ್ ದ ಫ್ಲೋರ್’ ಅಂತ ಬರೆದರೆ, ಬೀಳುವುದನ್ನು ನೀವು ಕಂಡಿರಿ ಅಂತ ಓದಿಕೊಳ್ಳುತ್ತಾರೆ. ಕಂಡಿದ್ದರೆ ಯಾಕೆ ಹಿಡಿಯಲಿಲ್ಲ, ತಲೆಗೆ ಪೆಟ್ಟಾಯಿತೇ, ಎಷ್ಟು ಹೊತ್ತಾಯಿತು ಅಂತ ಮುಂದಿನ ಪ್ರಶ್ನೆಗಳೆಲ್ಲ ನಿಮ್ಮ ಕಡೆಗೇ ಬರುತ್ತವೆ.

ನೀವು ಕಂಡದ್ದಿಷ್ಟನ್ನೇ ಬರೆಯಿರಿ: ‘ಐ ಫೌಂಡ್ ಹರ್ ಆನ್ ದ ಫ್ಲೋರ್ ಬೈ ದ ಬೆಡ್. ಐ ಡಿಡ್ ನಾಟ್ ಸೀ ಹರ್ ಫಾಲ್.’ ಗಂಟೆ ಎಷ್ಟು ಅಂತ ಬರೆಯಿರಿ. ಯಾರೂ ನೋಡದೆ ಆದ ಬೀಳುವಿಕೆಗೆ ‘ಅನ್‌ವಿಟ್ನೆಸ್ಡ್ ಫಾಲ್’ ಅನ್ನುತ್ತಾರೆ. ಅದು ಬರೆಯುವ ರೂಢಿ ಮಾತ್ರ ಅಲ್ಲ. ನೋಡದೆ ಆಗಿದ್ದರೆ ತಲೆಗೆ ಪೆಟ್ಟು ಬಿದ್ದಿರಬಹುದು ಅಂತ ನರ್ಸ್ ಮತ್ತು ಡಾಕ್ಟರ್ ಹೆಚ್ಚು ಜಾಗ್ರತೆ ವಹಿಸುತ್ತಾರೆ. ಅಂದರೆ ನಿಮ್ಮ ಒಂದು ಪದ ಆ ಅಜ್ಜಿಯ ಚಿಕಿತ್ಸೆಯನ್ನೂ ಬದಲಿಸುತ್ತದೆ. ಒಬ್ಬರೇ ತಕ್ಷಣ ಎತ್ತಲು ಹೋಗಬೇಡಿ. ಸಹಾಯ ಕರೆದು ನಿಮ್ಮ ಹೋಮಿನ ನಿಯಮದಂತೆ ನಡೆಯಿರಿ.

ಚಳಿಗಾಲದ ನೆಲ: ‘ಮಂಜು’ ಅಂದರೆ ಯಾವುದು?

ನಮ್ಮಲ್ಲಿ ‘ಮಂಜು ಬಿದ್ದಿದೆ’ ಅಂದರೆ ಕಣ್ಣಿಗೆ ದಾರಿ ಕಾಣದು ಅಂತ. ಇಲ್ಲಿ ಅದಕ್ಕೆ ‘ಫಾಗ್’, ತೆಳುವಾಗಿದ್ದರೆ ‘ಮಿಸ್ಟ್’. ನೆಲದ ಮೇಲೆ ಹೆಪ್ಪುಗಟ್ಟಿದ ಇಬ್ಬನಿ ‘ಫ್ರಾಸ್ಟ್’. ಹತ್ತಿಯಂತೆ ಬೀಳುವುದು ‘ಸ್ನೋ’. ನೀರು ಗಟ್ಟಿಯಾದರೆ ‘ಐಸ್’. ಐದನ್ನೂ ಮಂಜು ಅಂದರೆ ಯಾವುದಕ್ಕೆ ಹುಷಾರಾಗಿರಬೇಕು ಅಂತ ತಿಳಿಯುವುದಿಲ್ಲ.

ಎಲ್ಲಕ್ಕಿಂತ ಅಪಾಯದ್ದು ‘ಬ್ಲ್ಯಾಕ್ ಐಸ್’. ಪದಕ್ಕೆ ಪದ ಇಟ್ಟು ‘ಕಪ್ಪು ಮಂಜುಗಡ್ಡೆ’ ಅಂದುಕೊಂಡರೆ ಕಪ್ಪಾಗಿ ಏನೋ ಕಾಣುತ್ತದೆ ಅಂತ ಹುಡುಕುತ್ತೀರಿ. ಅದು ಕಪ್ಪಲ್ಲ. ಗಾಜಿನಂತೆ ತೆಳುವಾದ, ಬಣ್ಣವಿಲ್ಲದ ಐಸು; ಅದರ ಕೆಳಗಿನ ಟಾರು ಕಾಣುವುದರಿಂದ ಕಪ್ಪು ಅನ್ನುತ್ತಾರೆ. ರಸ್ತೆ ಬರೀ ಒದ್ದೆಯಾದಂತೆ ಕಾಣುತ್ತದೆ. ‘ಕಾಣದ ಐಸು’ ಅಂತ ನೆನಪಿಟ್ಟುಕೊಳ್ಳಿ. ರಾತ್ರಿ ಪಾಳಿ ಮುಗಿಸಿ ಬೆಳಗಿನ ಚಳಿಯಲ್ಲಿ ನಡೆದೋ ಸೈಕಲ್ಲಿನಲ್ಲೋ ಹೊರಡುವವರಿಗೆ ಇದೇ ದೊಡ್ಡ ಶತ್ರು. ಸೇತುವೆಯ ಮೇಲೆ, ಬಿಸಿಲು ಬೀಳದ ಗೋಡೆಯ ಪಕ್ಕದಲ್ಲಿ ಹೆಚ್ಚು.

ರಸ್ತೆ ಬದಿಯಲ್ಲಿ ‘ಗ್ರಿಟ್’ ಅಂತ ಬರೆದ ಪೆಟ್ಟಿಗೆಗಳು ಕಸದ ಡಬ್ಬಿಗಳಲ್ಲ. ಅದರೊಳಗಿರುವುದು ಐಸು ಕರಗಲಿಕ್ಕೆ ರಸ್ತೆಗೆ ಎರಚುವ ಕಲ್ಲುಪ್ಪು. ಹವಾಮಾನ ಇಲಾಖೆಯಾದ ಮೆಟ್ ಆಫೀಸ್ ‘ಯೆಲ್ಲೋ’, ‘ಆಂಬರ್’, ‘ರೆಡ್’ ಅಂತ ಮೂರು ಹಂತದ ಎಚ್ಚರಿಕೆ ಕೊಡುತ್ತದೆ. ಕೆಂಪು ಎಲ್ಲಕ್ಕಿಂತ ಗಂಭೀರ.

ಅಗೆಯುವ ಕೆಲಸ: ನೆಲದ ಕೆಳಗೆ ಏನಿದೆ?

ಈ ಊರಿನ ನೆಲದ ಕೆಳಗೆ ಏನಿದೆ ಅಂತ ಮೇಲಿಂದ ನೋಡಿ ಹೇಳಲಾಗದು. 1485ರಲ್ಲಿ ಯುದ್ಧದಲ್ಲಿ ಸತ್ತ ಮೂರನೇ ರಿಚರ್ಡ್ ದೊರೆಯ ಅಸ್ಥಿಪಂಜರ ಸಿಕ್ಕಿದ್ದು 2012ರಲ್ಲಿ, ಲೆಸ್ಟರ್ ನಗರದ ನಡುವಿನ ಒಂದು ಕಾರ್ ಪಾರ್ಕ್ ಅಡಿಯಲ್ಲಿ. ನೀವು ಅಗೆಯುವ ಕಡೆ ದೊರೆ ಸಿಗದಿರಬಹುದು, ಕರೆಂಟಿನ ಕೇಬಲ್ ಸಿಗಬಹುದು.

ಪಾಯ, ಚರಂಡಿ ಅಗೆಯುವ ಕೆಲಸದವರನ್ನು ಇಲ್ಲಿ ‘ಗ್ರೌಂಡ್‌ವರ್ಕರ್’ ಅನ್ನುತ್ತಾರೆ. ಆ ಕೆಲಸದಲ್ಲಿ ಮಾಮೂಲಿ ಇಂಗ್ಲಿಷ್ ಪದಗಳೇ ಬೇರೆ ಅರ್ಥದಲ್ಲಿ ಬರುತ್ತವೆ.

ಸರ್ವಿಸಸ್: ಇಲ್ಲಿ ಸೇವೆ ಅಲ್ಲ. ನೆಲದಡಿಯ ಕೇಬಲ್, ಗ್ಯಾಸ್ ಮತ್ತು ನೀರಿನ ಪೈಪುಗಳು.

ಕ್ಯಾಟ್ ಸ್ಕ್ಯಾನ್: ಆಸ್ಪತ್ರೆಯದ್ದಲ್ಲ. ಅಗೆಯುವ ಮೊದಲು ಕೇಬಲ್ ಎಲ್ಲಿದೆ ಅಂತ ಉಪಕರಣದಿಂದ ಹುಡುಕುವುದು. ‘ಹ್ಯಾಸ್ ಇಟ್ ಬೀನ್ ಸ್ಕ್ಯಾನ್ಡ್?’ ಅಂತ ಕೇಳದೆ ಪಿಕಾಸಿ ಎತ್ತಬೇಡಿ.

ಸ್ಪಾಯಿಲ್: ಹಾಳಾದದ್ದು ಅಂತ ಅಲ್ಲ. ಅಗೆದು ಮೇಲೆ ಹಾಕಿದ ಮಣ್ಣು. ಅದನ್ನು ಗುಂಡಿಯ ಅಂಚಿಗೇ ರಾಶಿ ಹಾಕಿದರೆ ಭಾರಕ್ಕೆ ಗೋಡೆ ಕುಸಿಯುತ್ತದೆ.

ಮೇಡ್ ಗ್ರೌಂಡ್: ಹಿಂದೆ ಯಾರೋ ತುಂಬಿಸಿದ ನೆಲ. ಹುಟ್ಟು ನೆಲದಷ್ಟು ಗಟ್ಟಿ ಅಂತ ನಂಬುವಂತಿಲ್ಲ.

ಒಂದು ಘನ ಮೀಟರ್ ಮಣ್ಣು ಒಂದು ಟನ್ನಿಗಿಂತ ಹೆಚ್ಚು ತೂಗುತ್ತದೆ. ಊರಲ್ಲಿ ಎಷ್ಟು ಬಾವಿ ತೋಡಿದ್ದರೂ ಸರಿ, ಆಸರೆ ಹಾಕದ ಆಳದ ಕಂದಕಕ್ಕೆ ಇಳಿಯಬೇಡಿ.

‘ಮೇಲೆ’, ‘ಕೆಳಗೆ’ ಎಂಬ ಪದಗಳೂ ಮೋಸ ಮಾಡುತ್ತವೆ. ‘ಪೈಪಿನ ಮೇಲೆ ಕೇಬಲ್ ಇದೆ’ ಅಂದರೆ ಪೈಪಿಗೆ ತಾಗಿಕೊಂಡಿದೆಯೋ, ಒಂದಡಿ ಎತ್ತರದಲ್ಲಿದೆಯೋ? ತಾಗಿದ್ದರೆ ‘ಆನ್’, ತಾಗದೆ ಎತ್ತರದಲ್ಲಿದ್ದರೆ ‘ಅಬೌ’. ‘ಕೆಳಗೆ’ ಅನ್ನುವುದು ‘ಅಂಡರ್’, ‘ಡೌನ್’, ‘ಡೌನ್‌ಸ್ಟೇರ್ಸ್’, ‘ಆನ್ ದ ಫ್ಲೋರ್’ ಯಾವುದೂ ಆಗಬಹುದು. ಅನುಮಾನ ಬಂದರೆ ಕೈಯಲ್ಲಿ ಅಳತೆ ತೋರಿಸಿ, ‘ಟಚಿಂಗ್?’ ಅಂತ ಕೇಳಿ.

ಜಮೀನು ಮತ್ತು ಸೈಟು

ಲೆಸ್ಟರ್‌ನಲ್ಲಿ ಗುಜರಾತಿ ಮಾತಾಡುವವರು ಬಹಳ. 1972ರಲ್ಲಿ ಉಗಾಂಡಾದಿಂದ ಹೊರಹಾಕಿಸಿಕೊಂಡು ಬಂದ ಕುಟುಂಬಗಳೂ ಇಲ್ಲಿ ನೆಲೆಸಿವೆ. ನಿಮ್ಮ ಸೂಪರ್‌ವೈಸರ್ ನಿಮಗಾಗಿ ಹಿಂದಿಯಲ್ಲಿ ಮಾತಾಡಿಸಿ ಇಂಗ್ಲಿಷಿಗೆ ಹೇಳುವುದು ಸಾಮಾನ್ಯ. ಅದು ಉಪಕಾರವೇ. ಆದರೆ ಹಿಂದಿಯ ‘ಜಮೀನ್’ ಕಾಲಡಿಯ ನೆಲಕ್ಕೂ ಆಗುತ್ತದೆ. ನಮ್ಮ ‘ಜಮೀನು’ ಹೊಲ-ಗದ್ದೆಗೆ ಮಾತ್ರ. ‘ಜಮೀನ್ ಗೀಲೀ ಥೀ?’ ಅಂತ ಕೇಳಿದರೆ ನೆಲ ಒದ್ದೆ ಇತ್ತಾ ಅಂತ ಕೇಳುತ್ತಿದ್ದಾರೆ, ಊರಿನ ಹೊಲದ ವಿಚಾರ ಅಲ್ಲ.

‘ಸೈಟು’ ಇನ್ನೊಂದು. ನಮ್ಮಲ್ಲಿ ಸೈಟು ಅಂದರೆ ಮನೆ ಕಟ್ಟುವ ಜಾಗ. ಇಲ್ಲಿ ‘ಸೈಟ್’ ಅಂದರೆ ಕೆಲಸ ನಡೆಯುವ ಜಾಗ, ಅದರಲ್ಲೂ ಕಟ್ಟಡ ಕೆಲಸದ್ದು. ‘ಐ ಹ್ಯಾವ್ ಎ ಸೈಟ್ ಇನ್ ಹಾಸನ’ ಅಂದರೆ ನಿಮ್ಮನ್ನು ಬಿಲ್ಡರ್ ಅಂದುಕೊಂಡಾರು. ‘ಪ್ಲಾಟ್ ಆಫ್ ಲ್ಯಾಂಡ್’ ಅನ್ನಿ. ಹೊಲಕ್ಕೆ ‘ಫಾರ್ಮ್‌ಲ್ಯಾಂಡ್’ ಅಥವಾ ‘ಅಗ್ರಿಕಲ್ಚರಲ್ ಲ್ಯಾಂಡ್’. ಎಕರೆ ಇಲ್ಲಿನವರಿಗೂ ಗೊತ್ತು, ಗುಂಟೆ ಗೊತ್ತಿಲ್ಲ. ನಲವತ್ತು ಗುಂಟೆಗೆ ಒಂದು ಎಕರೆ ಅಂತ ಬಿಡಿಸಿ ಬರೆಯಬೇಕು. ಪಹಣಿಯಲ್ಲಿ ಬರುವ ಖುಷ್ಕಿ, ತರಿ, ಬಾಗಾಯ್ತು ಪದಗಳನ್ನೂ ಮಳೆ ನಂಬಿದ ಹೊಲ, ನೀರಾವರಿ ಗದ್ದೆ, ತೋಟ ಅಂತ ಅರ್ಥ ಬಿಡಿಸಿ ತಿರುಗಿಸಬೇಕು. ವೀಸಾ ಅರ್ಜಿಗೆ ಇಂಥ ಕಾಗದ ಕೊಡುವುದಿದ್ದರೆ ಫೋನಿನ ಅನುವಾದ ನಡೆಯದು. ಅನುವಾದ ಸರಿಯಾಗಿದೆ ಎಂಬ ಅನುವಾದಕರ ದೃಢೀಕರಣ, ಅವರ ಹೆಸರು, ಸಹಿ, ದಿನಾಂಕ ಮತ್ತು ಸಂಪರ್ಕ ವಿವರ ಅದರಲ್ಲಿರಬೇಕು.

ಅರ್ಥವಾಗದಿದ್ದರೆ ಕೇಳುವುದು ನಿಮ್ಮ ಹಕ್ಕು

ಕೆಲಸದ ಜಾಗದ ನೆಲ ಮತ್ತು ಓಡಾಡುವ ದಾರಿ ಜಾರುವಂತೆ, ಎಡವುವಂತೆ ಇದ್ದು ಅಪಾಯ ತರಬಾರದು ಅಂತ 1992ರ ಕೆಲಸದ ಜಾಗದ ನಿಯಮಗಳು ಹೇಳುತ್ತವೆ. ಅಪಾಯದ ಬಗ್ಗೆ ಮಾಲೀಕರು ಕೊಡುವ ಮಾಹಿತಿ ಕೆಲಸಗಾರರಿಗೆ ಅರ್ಥವಾಗುವಂತಿರಬೇಕು ಅಂತ 1999ರ ನಿಯಮಗಳು ಹೇಳುತ್ತವೆ. ಅಂದರೆ ಎಲ್ಲವನ್ನೂ ಕನ್ನಡದಲ್ಲೇ ಅಚ್ಚು ಹಾಕಿಸಬೇಕೆಂದಲ್ಲ; ಚಿತ್ರದಲ್ಲೋ, ತೋರಿಸಿಯೋ, ಭಾಷೆ ಬಲ್ಲವರಿಂದ ಹೇಳಿಸಿಯೋ ನಿಮಗೆ ತಿಳಿಯುವಂತೆ ಮಾಡಬೇಕು. ಇಂಡಕ್ಷನ್ ದಿನ ಅರ್ಥವಾಗದೆ ಸಹಿ ಹಾಕಿ ಬರಬೇಡಿ. ‘ಪ್ಲೀಸ್ ಶೋ ಮೀ’ ಅಂತ ಕೇಳಲು ನಾಚಿಕೆ ಬೇಡ.

ಆಸ್ಪತ್ರೆಯಲ್ಲಿ ದುಭಾಷಿ ಬೇಕು ಅಂದರೆ ಎನ್‌ಎಚ್‌ಎಸ್‌ನಲ್ಲಿ ಅದಕ್ಕೆ ಹಣ ಕೊಡಬೇಕಿಲ್ಲ. ಆದರೆ ‘ಕನ್ನಡ’ ಅಂದರೆ ‘ಕೆನಡಾ’ ಅಂತ ಕೇಳಿಸಿಕೊಳ್ಳುವವರೇ ಹೆಚ್ಚು. ‘ಕನ್ನಡ, ಸೌತ್ ಇಂಡಿಯನ್ ಲ್ಯಾಂಗ್ವೇಜ್’ ಅಂತ ಹೇಳಿ, ‘ಕೆ, ಎ, ಡಬಲ್ ಎನ್, ಎ, ಡಿ, ಎ’ ಅಂತ ಅಕ್ಷರ ಬಿಡಿಸಿ ಹೇಳಿ. ಇಂಡಿಯಾದವರು ಅಂತ ಹಿಂದಿ ದುಭಾಷಿಯನ್ನು ಕೊಟ್ಟರೆ, ನಿಮಗೆ ಹಿಂದಿ ಸರಿಯಾಗಿ ಬಾರದಿದ್ದರೆ, ಬೇಡ ಅನ್ನಿ. ಮಕ್ಕಳನ್ನು ದುಭಾಷಿ ಮಾಡಬೇಡಿ.

ಬಿದ್ದರೆ ಮಾಡಬೇಕಾದದ್ದು

1. ಪೆಟ್ಟು ಜೋರಾಗಿದ್ದರೆ 999ಕ್ಕೆ ಕರೆ ಮಾಡಿ. ಜೀವಕ್ಕೆ ಅಪಾಯವಿಲ್ಲ, ಸಲಹೆ ಬೇಕು ಅನ್ನಿಸಿದರೆ 111. ಜಾಗದ ಪೋಸ್ಟ್‌ಕೋಡ್ ಹೇಳಿ. ಲೆಸ್ಟರ್‌ನ ದೊಡ್ಡ ಆಸ್ಪತ್ರೆಗಳಲ್ಲಿ ಅಪಘಾತ ಮತ್ತು ತುರ್ತು ವಿಭಾಗ ಇರುವುದು ರಾಯಲ್ ಇನ್‌ಫರ್ಮರಿಯಲ್ಲಿ.

2. ನೆಲ ಒರೆಸುವ ಮೊದಲು ಫೋಟೊ ತೆಗೆಯಿರಿ ಅಥವಾ ತೆಗೆಸಿ. ಎಣ್ಣೆ, ನೀರು, ಎದ್ದ ಕಲ್ಲು ಕಾಣಬೇಕು. ಗುಂಡಿಯಾದರೆ ಪಕ್ಕದಲ್ಲಿ ಒಂದು ನಾಣ್ಯವನ್ನೋ ಪೆನ್ನನ್ನೋ ಇಟ್ಟು ಅಳತೆ ಗೊತ್ತಾಗುವಂತೆ ತೆಗೆಯಿರಿ.

3. ‘ಆಕ್ಸಿಡೆಂಟ್ ಬುಕ್’ನಲ್ಲಿ ಬರೆಸಿ. ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಅದು ಇರಲೇಬೇಕು. ಎಲ್ಲಿ, ಹೇಗೆ, ಯಾವುದರಿಂದ ಅನ್ನುವ ಮೂರೂ ಅದರಲ್ಲಿ ಬರಲಿ. ಬೇರೆಯವರು ಬರೆದಿದ್ದರೆ ಓದಿಸಿಕೊಂಡು ಆಮೇಲೆ ಸಹಿ ಹಾಕಿ.

4. ಅದೇ ದಿನ ನಡೆದದ್ದನ್ನು ಕನ್ನಡದಲ್ಲೇ ನಿಮ್ಮ ಫೋನಿನಲ್ಲಿ ಬರೆದಿಡಿ ಅಥವಾ ದನಿ ಮುದ್ರಿಸಿಡಿ. ಇಂಗ್ಲಿಷ್ ಪದ ಆಮೇಲೆ ಹುಡುಕಬಹುದು. ನೆನಪು ಆಮೇಲೆ ಸಿಗದು.

5. ಗಾಯದಿಂದ ಏಳು ದಿನಕ್ಕಿಂತ ಹೆಚ್ಚು ನಿಮ್ಮ ಮಾಮೂಲಿ ಕೆಲಸ ಮಾಡಲಾಗದಿದ್ದರೆ ಮಾಲೀಕರು ಅದನ್ನು ಅಧಿಕಾರಿಗಳಿಗೆ ವರದಿ ಮಾಡಬೇಕು. ಕೈಕಾಲಿನ ಬೆರಳು ಬಿಟ್ಟು ಬೇರೆ ಮೂಳೆ ಮುರಿದಿದ್ದರೂ ಮಾಡಬೇಕು. ಈ ನಿಯಮಗಳು 2013ರವು.

6. ಪರಿಹಾರ ಕೇಳುವುದಿದ್ದರೆ ಸಾಮಾನ್ಯವಾಗಿ 3 ವರ್ಷದೊಳಗೆ ಕೋರ್ಟಿನಲ್ಲಿ ದಾವೆ ಆರಂಭವಾಗಬೇಕು. ಅಷ್ಟು ದಿನ ಕಾಯದೆ ಬೇಗ ಸಲಹೆ ಪಡೆಯಿರಿ. ಕೆಲಸದ ಹಕ್ಕಿನ ಬಗ್ಗೆ ಏಕಾಸ್ ಸಂಸ್ಥೆಯ ಸಹಾಯವಾಣಿ 0300 123 1100.

ಎಡವಿದ ಕಾಲೇ ಎಡವುವುದು ಹೆಚ್ಚು ಅನ್ನುತ್ತಾರೆ ನಮ್ಮ ಹಿರಿಯರು. ನೀವು ಎಡವಿದ ಕಲ್ಲಿನ ಹೆಸರು ಕಾಗದದಲ್ಲಿ ಸರಿಯಾಗಿ ಬಿದ್ದರೆ ಆ ಕಲ್ಲನ್ನು ಯಾರಾದರೂ ತೆಗೆಯುತ್ತಾರೆ. ಬರೀ ‘ಬಿದ್ದೆ’ ಅಂತ ಇದ್ದರೆ ನಾಳೆ ಅದೇ ಕಲ್ಲಿಗೆ ಪಾಳಿಯ ಇನ್ನೊಬ್ಬರು ಎಡವುತ್ತಾರೆ.